ಸುಮ್ಮನಿರುವ ಮಕ್ಕಳ ಮೊದಲ ವರ್ಷ

ನಮಸ್ಕಾರ ಕೇಳುಗರೇ. ಡಿಗ್ರಿ ಕಾಲೇಜುಗಳು ಶುರುವಾಗಿವೆ. ಬೆಳಿಗ್ಗೆ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಾಕು, ಹುಣಸೂರು, ನಂಜನಗೂಡು, ಎಚ್.ಡಿ. ಕೋಟೆ ಕಡೆಯ ಬಸ್ಸುಗಳಿಂದ ಹೊಸ ಬ್ಯಾಗು ಹಾಕಿಕೊಂಡ ಮಕ್ಕಳು ಇಳಿಯುತ್ತಾ ಇರುತ್ತಾರೆ. ಕೆಲವರು ಗುಂಪಾಗಿ ಗಲಾಟೆ ಮಾಡಿಕೊಂಡು ಹೋಗುತ್ತಾರೆ. ಅವರ ಚಿಂತೆ ನನಗಿಲ್ಲ. ಹಿಂದೆ ಒಂದಷ್ಟು ದೂರದಲ್ಲಿ, ಮೊಬೈಲ್ ನೋಡುತ್ತಿರುವ ಹಾಗೆ ನಟಿಸುತ್ತಾ ಒಬ್ಬರೇ ಬರುತ್ತಾರಲ್ಲ, ಇವತ್ತಿನ ಮಾತು ಅವರಿಗೆ.

ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಇಂಥ ಮಕ್ಕಳಿಗೆ ಮನೆಯವರು, ನೆಂಟರು, ನಮ್ಮಂಥ ಮೇಷ್ಟ್ರುಗಳು ಎಲ್ಲರೂ ಹೇಳುವುದು ಒಂದೇ. ಸ್ವಲ್ಪ ಮಾತಾಡು, ನಾಲ್ಕು ಜನರ ಜೊತೆ ಬೆರಿ, ಸ್ಟೇಜ್ ಹತ್ತು. ಮಾತಾಡೋಕೇ ಆಗದವರಿಗೆ ಮಾತಾಡು ಅನ್ನುವುದು ಎಂಥ ಔಷಧಿ ಹೇಳಿ? ನಾನು ನೋಡಿದ ಹಾಗೆ, ಕೈಗೊಂದು ಕೆಲಸ ಸಿಕ್ಕರೆ ಮಾತು ತಾನಾಗೇ ಬರುತ್ತದೆ.

ನಮ್ಮ ಲ್ಯಾಬಿನಲ್ಲಿ ರೋಲ್ ನಂಬರ್ ಪ್ರಕಾರ ಇಬ್ಬಿಬ್ಬರನ್ನು ಒಂದು ಬ್ಯೂರೆಟ್ಟಿಗೆ, ಅಂದರೆ ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆಗೆ, ನಿಲ್ಲಿಸುತ್ತೇವೆ. ಟೈಟ್ರೇಶನ್ ಮಾಡಬೇಕು, ಅಂದರೆ ಆಸಿಡ್ಡಿಗೆ ಸರಿಹೋಗಲು ಎಷ್ಟು ಕ್ಷಾರ ಬೇಕು ಅಂತ ಅಳೆಯಬೇಕು. ಕೆಳಗೆ ಬಿಳಿ ಟೈಲು, ಅದರ ಮೇಲೆ ಆಸಿಡ್ ಇರುವ ಫ್ಲಾಸ್ಕು, ಅದಕ್ಕೆ ಬಣ್ಣ ತೋರಿಸುವ ಫಿನಾಲ್ಫ್ಥಲೀನ್ ಎರಡು ತೊಟ್ಟು. ಒಬ್ಬರು ಮೇಲಿನಿಂದ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಡಬೇಕು, ಇನ್ನೊಬ್ಬರು ಫ್ಲಾಸ್ಕ್ ಅಲ್ಲಾಡಿಸುತ್ತಾ ಇರಬೇಕು. ಗುಲಾಬಿ ಬಣ್ಣ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ತಿಳಿ ಗುಲಾಬಿಯಾಗಿ ನಿಂತರೆ ಮುಗಿಯಿತು. ಕೈ ಜಾರಿ ಜಾಸ್ತಿ ಬಿದ್ದರೆ ಕಡು ಗುಲಾಬಿ, ಮೊದಲಿಂದ ಶುರು ಮಾಡಬೇಕು. ಅಲ್ಲಿ ಸುಮ್ನೆ ಇರೋಕೆ ಆಗಲ್ಲ. "ಸಾಕಾ?" "ಇನ್ನೊಂದು ತೊಟ್ಟು ಬಿಡು." "ಏ, ನಿಲ್ಸು ನಿಲ್ಸು!" ಆಮೇಲೆ ರೀಡಿಂಗ್ 10.2 ಅಂತ ಒಬ್ಬಳು, ಇಲ್ಲ 10.3 ಅಂತ ಇನ್ನೊಬ್ಬಳು, ಬಗ್ಗಿ ನೋಡಿ ಜಗಳ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗಲೂ ದನಿ ಕೇಳಿಸದ ಹುಡುಗಿ ಇವಳೇನಾ ಅನಿಸುತ್ತದೆ.

ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ ಕೂಡ ಹಾಗೇ. ಅದು 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಶುರುವಾದದ್ದು. ವರ್ಷಕ್ಕೆ 120 ಗಂಟೆ ಕೆಲಸ, ಜೊತೆಗೆ ಹಳ್ಳಿಯೊಂದರಲ್ಲಿ 7 ದಿನದ ಶಿಬಿರ. ಶಿಬಿರಕ್ಕೆ ಹೋಗುವವರಿಗೆ ಒಂದು ಗುಟ್ಟು ಹೇಳುತ್ತೇನೆ: ಮೊದಲ ದಿನವೇ ಅಡುಗೆ ತಂಡಕ್ಕೆ ಹೆಸರು ಕೊಡಿ. ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಹಾಡಿ, ಕುಣಿ ಅಂತ ಯಾರೂ ನಿಮ್ಮನ್ನು ಎಳೆಯುವುದಿಲ್ಲ. ಅಷ್ಟೂ ಜನಕ್ಕೆ ಉಪ್ಪಿಟ್ಟಿನ ಈರುಳ್ಳಿ ಹೆಚ್ಚುತ್ತಾ ಕೂತರೆ ಪಕ್ಕದವರ ಊರು, ಮನೆ, ಅಕ್ಕನ ಮದುವೆ ಎಲ್ಲ ಗೊತ್ತಾಗಿಬಿಡುತ್ತದೆ.

ಇನ್ನು ಇಂಗ್ಲಿಷಿನ ವಿಷಯ. ನಾವು ನಾಚಿಕೆ ಅಂದುಕೊಳ್ಳುವುದರಲ್ಲಿ ಅರ್ಧ ಇದೇ ಇರುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಪಿಯುಸಿ ಮುಗಿಸುವಷ್ಟರಲ್ಲಿ ಇಂಗ್ಲಿಷ್ ಬರೆಯೋಕೆ ಬರುತ್ತದೆ, ಕೇಳಿದರೆ ಅರ್ಥವೂ ಆಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಕ್ಲಾಸಲ್ಲಿ ಕೈ ಎತ್ತಬೇಡಿ, ಪರವಾಗಿಲ್ಲ. ಅರ್ಥವಾಗದ ಸಾಲಿಗೆ ಪೆನ್ಸಿಲಲ್ಲಿ ಗೆರೆ ಎಳೆದುಕೊಂಡು ಸ್ಟಾಫ್ ರೂಮಿಗೆ ಬನ್ನಿ, ಪುಸ್ತಕ ತೆರೆದು ತೋರಿಸಿ, ಕನ್ನಡದಲ್ಲೇ ಕೇಳಿ. ನಾವೂ ಒಳಗೊಳಗೇ ಕನ್ನಡದಲ್ಲೇ ಯೋಚನೆ ಮಾಡುವವರು. ಸೆಮಿನಾರ್ ಇದ್ದರೆ ಮಾತ್ರ ಮೊದಲ ಸರದಿ ಕೇಳಿ ತಗೊಳ್ಳಿ. ಬೇರೆಯವರದು ಮುಗಿಯಲಿ ಅಂತ ಕಾಯುತ್ತಾ ಕೂರುವುದು ಮಾತಾಡುವುದಕ್ಕಿಂತ ಕಷ್ಟ.

ಅಂದಹಾಗೆ, ಈ ಊರಲ್ಲಿ ರೇಡಿಯೋ ಶುರು ಮಾಡಿದವರೂ ಮೇಷ್ಟ್ರೇ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಮುಚ್ಚಿದ ಕೋಣೆ, ಎದುರಿಗೆ ಮೈಕು, ನಮ್ಮನ್ನೇ ನೋಡುವ ಮುಖ ಒಂದೂ ಇಲ್ಲ. ನಾಚಿಕೆಯವರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ನಾನು ಇಲ್ಲಿ ಇಷ್ಟು ಧೈರ್ಯವಾಗಿ ಮಾತಾಡುತ್ತಿರುವುದೂ ಅದಕ್ಕೇ.

ಹಾಸ್ಟೆಲ್ ಮಕ್ಕಳು ಶನಿವಾರ ಬಂದರೆ ಊರಿನ ಬಸ್ ಹತ್ತಿಬಿಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ದುಡ್ಡಿನ ತಡೆಯೂ ಇಲ್ಲ. ಬೇಡ ಅನ್ನುತ್ತಿಲ್ಲ, ಅಮ್ಮನ ಕೈ ಊಟ ಯಾರಿಗೆ ಬೇಡ? ಆದರೆ ಹಾಸ್ಟೆಲಿನಲ್ಲಿ ಸ್ನೇಹ ಆಗುವುದು ಭಾನುವಾರ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಮೊದಲ ಎರಡು ತಿಂಗಳಲ್ಲಿ ಆಗಾಗ ಒಂದು ಭಾನುವಾರ ಅಲ್ಲೇ ಉಳಿಯಿರಿ.

ನಾಚಿಕೆ ಬೇರೆ, ನಿದ್ದೆ ಊಟ ಬಿಟ್ಟು ಕೂರುವುದು ಬೇರೆ. ಹಾಗಾಗಿದ್ದರೆ ಮನಸ್ಸಿನ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ರ್‍ಯಾಗಿಂಗ್ ಆದರೆ 1800-180-5522. ಅದನ್ನು ಸಹಿಸಿಕೊಂಡು ಸುಮ್ಮನಿರಬೇಡಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ರಾತ್ರಿ ಫೋನ್ ಮಾಡಿ "ಫ್ರೆಂಡ್ಸ್ ಆದ್ರಾ?" ಅಂತ ದಿನಾ ಕೇಳಬೇಡಿ. "ಹ್ಞೂಂ" ಅಂತ ಬರುತ್ತದೆ, ಅಷ್ಟೇ. "ಲ್ಯಾಬಲ್ಲಿ ಇವತ್ತು ಏನು ಮಾಡಿಸಿದ್ರು, ನಿನ್ನ ಜೊತೆ ಯಾರಿದ್ರು?" ಅಂತ ಕೇಳಿ ನೋಡಿ. ನಮಸ್ಕಾರ.