ಏಜೆಂಟ್ ಓದುವುದು ವಿವರಣೆಯನ್ನು ಮಾತ್ರ

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳು, ಕಚೇರಿಗಳಲ್ಲಿ ಅಂಕಿಅಂಶಗಳ ಕೆಲಸ ಮಾಡುವವರು ಈಗ ರೇಡಿಯೋ ಹಾಕಿಕೊಂಡು ಕುಳಿತಿದ್ದಾರೆ ಎಂದುಕೊಂಡು ಮಾತನಾಡುತ್ತೇನೆ. ಉಳಿದವರೂ ಕೇಳಿ, ಕಷ್ಟದ ವಿಷಯವೇನಲ್ಲ.

ಎಐ ಏಜೆಂಟ್ ಎಂದರೆ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಯಾವ ಟೂಲ್ ಬೇಕೆಂದು ತಾನೇ ಆರಿಸಿ ಬಳಸುವ ತಂತ್ರಾಂಶ. ಜನಗಣತಿಯ ಅಂಕಿ ತರಲು ಒಂದು ಟೂಲ್, ಬೆಲೆ ಸೂಚ್ಯಂಕ ತರಲು ಇನ್ನೊಂದು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಎಐಗೆ ಟೂಲ್‌ಗಳನ್ನು ಜೋಡಿಸುವ, ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ಪದ್ಧತಿಯನ್ನು ಪ್ರಕಟಿಸಿದ ಮೇಲೆ ಇಂಥ ಟೂಲ್ ಕಟ್ಟುವುದು ವಿದ್ಯಾರ್ಥಿಗಳಿಗೂ ಸುಲಭವಾಗಿದೆ. ಪ್ರತಿ ಟೂಲ್‌ಗೂ ಒಂದು ವಿವರಣೆ ಇರುತ್ತದೆ: ಇದು ಏನು ಕೊಡುತ್ತದೆ, ಯಾವಾಗ ಬಳಸಬೇಕು, ಏನು ತುಂಬಬೇಕು. ಕೋಡ್ ಬರೆಯಲು ವಾರಗಟ್ಟಲೆ ಕೂರುವವರು ವಿವರಣೆಯನ್ನು ಚಹಾ ಕುಡಿಯುವಷ್ಟರಲ್ಲಿ ಬರೆದು ಮುಗಿಸುತ್ತಾರೆ. ನನ್ನ ತಕರಾರು ಇದೇ. ಏಜೆಂಟ್ ನಿಮ್ಮ ಕೋಡ್ ಓದುವುದಿಲ್ಲ. ಕೋಷ್ಟಕದ ಕೆಳಗಿನ ಅಡಿಟಿಪ್ಪಣಿಯನ್ನೂ ಓದುವುದಿಲ್ಲ. ಅದು ಓದುವುದು ವಿವರಣೆಯನ್ನು ಮಾತ್ರ.

ಕೆಲವು ವಿದ್ಯಾರ್ಥಿಗಳು ತಾವು ಕಟ್ಟಿದ ಜನಗಣತಿ ಟೂಲ್ ತೋರಿಸಲು ಬಂದಿದ್ದರು. ಅಚ್ಚುಕಟ್ಟಾದ ಕೆಲಸ, ಇಲ್ಲವೆನ್ನುವುದಿಲ್ಲ. ವಿವರಣೆ ಮಾತ್ರ ಒಂದೇ ಸಾಲು: 'ಜಿಲ್ಲೆಯ ಜನಸಂಖ್ಯೆಯನ್ನು ಕೊಡುತ್ತದೆ.' ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 1991ರಿಂದ ಹೇಗೆ ಬದಲಾಗಿದೆ ಎಂದು ಕೇಳಿದೆ. ಏಜೆಂಟ್ ಅಂಕಿ ತಂದಿತು: 1991ರಲ್ಲಿ 21 ಲಕ್ಷಕ್ಕೂ ಹೆಚ್ಚು, 2001ರಲ್ಲಿ 15 ಲಕ್ಷ ಚಿಲ್ಲರೆ. ಎರಡೂ ಸರಿಯಾದ ಅಂಕಿಗಳೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಅದು ಆರು ಲಕ್ಷ ಜನ ಜಿಲ್ಲೆ ಬಿಟ್ಟು ಹೋಗಿದ್ದಾರೆಂದು ತೀರ್ಮಾನಿಸಿ ಕಾರಣಗಳನ್ನೂ ಕೊಡತೊಡಗಿತು. ಬರಗಾಲವಂತೆ, ಬತ್ತಿದ ಕೊಳವೆಬಾವಿಗಳಂತೆ, ಬೆಂಗಳೂರಿಗೆ ಗುಳೆಯಂತೆ. ಮೊಳಕಾಲ್ಮೂರು, ಚಳ್ಳಕೆರೆಯ ಮಳೆ ಕೊರತೆಯ ಬಗ್ಗೆಯೇ ಒಂದು ಪ್ಯಾರಾ. ಓದಿದವರ ಕಣ್ಣು ಒದ್ದೆಯಾಗಬೇಕು, ಅಂಥ ಭಾಷೆ!

ಆ ಆರು ಲಕ್ಷ ಜನ ಎಲ್ಲಿಗೂ ಹೋಗಿರಲಿಲ್ಲ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು, ದಾವಣಗೆರೆ ಹೊಸ ಜಿಲ್ಲೆಯಾಯಿತು. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗದಿಂದ ಅದಕ್ಕೆ ಸೇರಿದವು. ಜನ ತಮ್ಮ ಮನೆಯಲ್ಲೇ ಇದ್ದರು, ಸರಿದದ್ದು ಗಡಿ. ಇದೇ ಏಜೆಂಟ್‌ಗೆ 1991ರ ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಎಷ್ಟು ಎಂದು ಕೇಳಿದೆ. ಟೂಲ್ ಖಾಲಿ ಉತ್ತರ ಕೊಟ್ಟಿತು. ಏಜೆಂಟ್ ಗಂಭೀರವಾಗಿ 'ಸೊನ್ನೆ' ಎಂದಿತು. ಹತ್ತಿಗಿರಣಿಗಳ ಊರಿಗೆ ಸೊನ್ನೆ!

'ಜಿಲ್ಲೆ ಒಡೆದದ್ದು ಎಲ್ಲರಿಗೂ ಗೊತ್ತಲ್ಲವೇ ಸರ್' ಎಂದ ಒಬ್ಬ ಹುಡುಗ. ಗೊತ್ತಪ್ಪ, ಗೊತ್ತಿದ್ದದ್ದನ್ನು ಬರೆದಿದ್ದೀಯಾ?

ಅಲ್ಲೇ ಕೂರಿಸಿ ಬರೆಸಿದೆ: 'ಗಣತಿ ನಡೆದ ವರ್ಷದಲ್ಲಿದ್ದ ಜಿಲ್ಲಾ ಗಡಿಯ ಪ್ರಕಾರ ಜನಸಂಖ್ಯೆ ಕೊಡುತ್ತದೆ. ಗಡಿ ಬದಲಾದ ಜಿಲ್ಲೆಗಳ ಅಂಕಿಗಳನ್ನು ಗಣತಿಯಿಂದ ಗಣತಿಗೆ ಹೋಲಿಸಬೇಡಿ, ಅದಕ್ಕೆ ತಾಲ್ಲೂಕುವಾರು ಟೂಲ್ ಬಳಸಿ. ಖಾಲಿ ಉತ್ತರವೆಂದರೆ ಆ ವರ್ಷ ಆ ಜಿಲ್ಲೆ ಇರಲಿಲ್ಲ ಎಂದರ್ಥ, ಸೊನ್ನೆ ಎಂದಲ್ಲ.' ಕೋಡ್‌ನಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಮತ್ತೆ ಕೇಳಿದರೆ ಏಜೆಂಟ್ ತಾಲ್ಲೂಕುಗಳ ಅಂಕಿ ತರಿಸಿ, ಕೂಡಿಸಿ, ಸರಿಯಾಗಿ ಹೇಳಿತು. ಗುಳೆಯ ಕಥೆ ಮಾಯ.

ಇದು ಹಳೆಯ ಕಥೆ ಎಂದುಕೊಳ್ಳಬೇಡಿ. 2011ರ ಗಣತಿಯಲ್ಲಿ ದಾವಣಗೆರೆ ಜಿಲ್ಲೆಯದು ಎಂದು ಕಾಣುವ 19,45,497ರಲ್ಲಿ ಹರಪನಹಳ್ಳಿ ತಾಲ್ಲೂಕಿನವರೂ ಇದ್ದಾರೆ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ವಿವರಣೆಯಲ್ಲಿ ಇದನ್ನು ಬರೆಯದೆ ಬಿಟ್ಟರೆ, ಹೊಸ ಗಣತಿಯ ಅಂಕಿ ಬಂದ ದಿನ ದಾವಣಗೆರೆಯವರನ್ನೂ ಏಜೆಂಟ್ ಗುಳೆ ಹೊರಡಿಸುತ್ತದೆ, ನೋಡುತ್ತಿರಿ.

ಕಥೆಯಲ್ಲೇ ಹೊತ್ತು ಹೋಯಿತು, ಸ್ಟುಡಿಯೋದವರು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಗ್ರಾಹಕ ಬೆಲೆ ಸೂಚ್ಯಂಕದಲ್ಲಿ 2010 ಮೂಲ ವರ್ಷದ, ಅಂದರೆ ಆ ವರ್ಷದ ಬೆಲೆಯನ್ನು 100 ಎಂದು ಹಿಡಿದ ಸರಣಿಯೂ ಇದೆ, 2012ರದೂ ಇದೆ. ನಿಮ್ಮ ಟೂಲ್ ಯಾವುದನ್ನು ಕೊಡುತ್ತದೆ ಎಂದು ವಿವರಣೆಯಲ್ಲಿ ಬರೆಯಿರಿ. ನಿರುದ್ಯೋಗದ ಸಮೀಕ್ಷೆಯಲ್ಲಿ ಕಳೆದ 365 ದಿನಗಳ ಲೆಕ್ಕ ಒಂದು, ಕಳೆದ 7 ದಿನಗಳ ಲೆಕ್ಕ ಇನ್ನೊಂದು; ಯಾವುದೆಂದು ಬರೆಯಿರಿ. ಅಂಕಿ ಸಾವಿರಗಳಲ್ಲಿದೆಯೋ ಲಕ್ಷಗಳಲ್ಲಿದೆಯೋ, ಅದನ್ನೂ ಬರೆಯಿರಿ.

ಇನ್ನು ಹೆಸರು. ದಾವಣಗೆರೆ ನಗರವೂ ಹೌದು, ತಾಲ್ಲೂಕೂ ಹೌದು, ಜಿಲ್ಲೆಯೂ ಹೌದು. ಇಂಗ್ಲಿಷ್ ಕಡತಗಳಲ್ಲಿ ಅದರ ಕಾಗುಣಿತವೂ ಒಂದೇ ರೀತಿ ಇಲ್ಲ. ಹೆಸರು ಕೊಟ್ಟು ಹುಡುಕಿಸಬೇಡಿ. 'ಮೊದಲು ಜಿಲ್ಲೆಗಳ ಪಟ್ಟಿ ಕೊಡುವ ಟೂಲ್‌ನಿಂದ ಜಿಲ್ಲೆಯ ಸಂಕೇತ ಸಂಖ್ಯೆ ಪಡೆದು ಆಮೇಲೆ ಇದನ್ನು ಬಳಸಿ' ಎಂದು ವಿವರಣೆಯ ಮೊದಲ ಸಾಲಿನಲ್ಲೇ ಹಾಕಿ, ಕೊನೆಯಲ್ಲಲ್ಲ. ನಮಸ್ಕಾರ.