ಹಾವಿನ ಗೂಡಿನ ಹಾಸು

ಆಕಾಶವಾಣಿ ಹಾಸನ ಕೇಂದ್ರದ ಕೇಳುಗರಿಗೆ ನಮಸ್ಕಾರ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು ಎಂಬ ಮಾತನ್ನು ನಾವು ಪರರ ದುಡಿಮೆಯ ಮೇಲೆ ಬದುಕುವವರನ್ನು ಹಳಿಯಲು ಬಳಸುತ್ತೇವೆ. ಹಾವು ಮಾತ್ರ ಆ ಮನೆಯನ್ನು ತಿಳಿದೇ ಆರಿಸಿಕೊಂಡಿರುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಹುತ್ತದ ಆಳ ತಂಪಾಗಿರುತ್ತದೆ. ಅಲ್ಲಿಯ ಮಣ್ಣಿನಲ್ಲಿ ತೇವ ಇರುತ್ತದೆ, ಆದರೆ ಮಣ್ಣು ಒದ್ದೆಯಾಗಿರುವುದಿಲ್ಲ. ತೇವ ಬೇರೆ, ಒದ್ದೆ ಬೇರೆ. ಸಾಕುಹಾವಿನ ಪೆಟ್ಟಿಗೆಯ ತಳಕ್ಕೆ ಏನನ್ನು ಹಾಸಬೇಕು ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರವೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ.

ಮೊದಲಿಗೆ ಕಾನೂನಿನ ಮಾತು. ತೋಟದಲ್ಲಿ ಸಿಕ್ಕ ಕೇರೆಯನ್ನಾಗಲಿ, ಹೆಬ್ಬಾವಿನ ಮರಿಯನ್ನಾಗಲಿ ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಾನು ಇಲ್ಲಿ ಹೇಳುತ್ತಿರುವುದು ಆಫ್ರಿಕಾ ಮೂಲದ ಬಾಲ್ ಪೈಥಾನ್, ಅಮೆರಿಕ ಮೂಲದ ಕಾರ್ನ್ ಸ್ನೇಕ್‌ಗಳಂತಹ ವಿದೇಶಿ ಹಾವುಗಳ ವಿಷಯ. ಇವುಗಳಲ್ಲಿ ಬಾಲ್ ಪೈಥಾನ್, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಳ್ಳಬೇಡಿ.

ಪಶುವೈದ್ಯನಾಗಿ ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ದಿಂಬಿನ ಚೀಲವೊಂದನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಇದಕ್ಕೆ ಹೊಟ್ಟೆಯ ಮೇಲೆ ಬೊಬ್ಬೆ ಎದ್ದಿದೆ, ಉಸಿರಾಡುವಾಗ ಸಿಳ್ಳೆ ಹಾಕಿದ ಹಾಗೆ ಸದ್ದು ಬೇರೆ ಬರುತ್ತಿದೆ" ಎಂದರು. ಒಳಗಿದ್ದದ್ದು ಎರಡು ವರ್ಷದ ಬಾಲ್ ಪೈಥಾನ್. ಹಾಸಿಗೆ ಏನು ಹಾಕಿದ್ದೀರಿ ಎಂದು ಕೇಳಿದೆ. ಸಾ ಮಿಲ್ಲಿನಿಂದ ಬಿಟ್ಟಿಯಾಗಿ ಸಿಕ್ಕ ಸಿಲ್ವರ್ ಓಕ್ ಹೊಟ್ಟು ಎಂದರು. ಗಾಳಿ ಒಣಗದಿರಲೆಂದು ದಿನಕ್ಕೆರಡು ಸಲ ನೀರನ್ನೂ ಚಿಮುಕಿಸುತ್ತಿದ್ದರಂತೆ. ಮಲೆನಾಡಿನ ಮಳೆಗಾಲದಲ್ಲಿ ಜಾಡಿಯಲ್ಲಿನ ಉಪ್ಪು ತಾನಾಗಿಯೇ ನೀರೊಡೆಯುತ್ತದೆ. ಆ ಪೆಟ್ಟಿಗೆಗೆ ಇನ್ನಷ್ಟು ನೀರು ಹಾಕುವ ಅಗತ್ಯ ಯಾವುದೂ ಇರಲಿಲ್ಲ.

ಇಲ್ಲಿ ಎರಡು ತಪ್ಪುಗಳು ಕೂಡಿಕೊಂಡಿದ್ದವು. ಹಾವು ಹಗಲಿರುಳು ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡೇ ಇರುವ ಪ್ರಾಣಿಯಾದುದರಿಂದ, ಹಾಸು ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆಗಳ ಅಡಿಯಲ್ಲಿ ನೀರ್ಗುಳ್ಳೆಗಳೆದ್ದು, ಬ್ಯಾಕ್ಟೀರಿಯಾ ಸೇರಿ, ಕೊನೆಗೆ ಚರ್ಮವೇ ಕೊಳೆಯುತ್ತದೆ. ಎರಡನೆಯದು ಮರದ ಪುಡಿ. ಹೆಚ್ಚಿನ ಹಾವುಗಳಲ್ಲಿ ಬಲ ಶ್ವಾಸಕೋಶವೊಂದೇ ಸರಿಯಾಗಿ ಕೆಲಸ ಮಾಡುತ್ತದೆ; ಹೆಬ್ಬಾವಿನ ಕುಟುಂಬದಲ್ಲಿ ಎಡದ್ದೂ ಉಂಟು, ಆದರೆ ಚಿಕ್ಕದು. ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ, ಇಲ್ಲದ ಹಾವು ನಮ್ಮಂತೆ ಕೆಮ್ಮಿ ಕಫ ಹೊರಹಾಕಲಾರದು. ಮೂಗು ನೆಲದಿಂದ ಒಂದು ಬೆರಳಿನಷ್ಟೂ ಮೇಲಿರದ ಇಂತಹ ಪ್ರಾಣಿಯ ಕೆಳಗೆ ನಾವು ದೂಳನ್ನು ಹರಡುತ್ತೇವೆ. ಸಿಲ್ವರ್ ಓಕ್ ಹೊಟ್ಟು ಮನುಷ್ಯರ ಚರ್ಮಕ್ಕೇ ತುರಿಕೆ ತರಬಲ್ಲದು. ಮಿಲ್ಲಿನ ಹೊಟ್ಟಿನಲ್ಲಿ ತೇಗ, ನೀಲಗಿರಿ, ಅಕೇಶಿಯಾ ಎಲ್ಲ ಬೆರೆತಿರುವುದರಿಂದ ಯಾವುದರಲ್ಲಿ ಏನಿದೆ ಎಂದು ಗುರುತಿಸುವುದೂ ಆಗದು. ಸೀಡರ್ ಮತ್ತು ಪೈನ್ ಮರದ ಸುರುಳಿಗಳಂತೂ ಬೇಡವೇ ಬೇಡ. ಅವುಗಳಿಂದ ಆವಿಯಾಗುವ ಎಣ್ಣೆ ನಮಗೆ ಪರಿಮಳವೆನಿಸಿದರೂ ಮುಚ್ಚಿದ ಪೆಟ್ಟಿಗೆಯಲ್ಲಿ ಹಾವಿನ ಉಸಿರಿನ ದಾರಿಯನ್ನು ಕೆರಳಿಸುತ್ತದೆ. ಗೂಡಿನಿಂದ ಸುವಾಸನೆ ಬರುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಹಾಸನ್ನೇ.

ನಮ್ಮ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವ ಕಾಫಿ ಸಿಪ್ಪೆಯ ಬಗ್ಗೆಯೂ ಕೇಳುವವರಿದ್ದಾರೆ. ಅದರಲ್ಲಿ ಕೆಫೀನ್ ಉಳಿದಿರುತ್ತದೆ, ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ. ಅದು ಗೊಬ್ಬರದ ಗುಂಡಿಗೇ ಸರಿ. ಭತ್ತದ ಉಮಿಯ ಅಂಚು ಚೂಪು, ಬಾಯೊಳಗೆ ಚುಚ್ಚುತ್ತದೆ. ತೋಟದ ತರಗೆಲೆ ನೋಡಲು ಸಹಜವೆನಿಸಿದರೂ, ಕಾಫಿಗೂ ಅಡಿಕೆಗೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ನಾಡಿನಲ್ಲಿ ಅದನ್ನು ನಂಬುವುದು ಹೇಗೆ? ರಕ್ತ ಹೀರುವ ಉಣ್ಣಿಯೂ ಅದರ ಜೊತೆಗೇ ಮನೆಗೆ ಬರುತ್ತದೆ.

ಹಾಗಾದರೆ ಹಾಕುವುದೇನನ್ನು? ಹೊಸದಾಗಿ ತಂದ ಹಾವಿಗೆ ಮೊದಲ ಒಂದೆರಡು ತಿಂಗಳು ಬರೀ ಬಿಳಿ ಕಾಗದ, ಅಥವಾ ಅಡುಗೆಮನೆಯ ಟಿಶ್ಯೂ. ಸೊಗಸಿಲ್ಲ, ನಿಜ. ಆದರೆ ಹಾವಿನ ರಕ್ತ ಹೀರುವ ಸಾಸಿವೆಗಿಂತ ಸಣ್ಣ ಕಪ್ಪು ನುಸಿ ಬಿಳಿ ಕಾಗದದ ಮೇಲೆ ತಕ್ಷಣ ಕಾಣುತ್ತದೆ, ಮಲ ನೀರಾಗಿದೆಯೋ ಗಟ್ಟಿಯಾಗಿದೆಯೋ ತಿಳಿಯುತ್ತದೆ, ಕೊಳೆಯಾದರೆ ಮಡಿಚಿ ಎಸೆಯಬಹುದು. ಗಾಯವಾದ ಹಾವಿಗೂ ಇದೇ. ಮೂಡಿಗೆರೆಯ ರೋಗಿಗೆ ಔಷಧಿಯ ಜೊತೆ ನಾನು ಬರೆದುಕೊಟ್ಟದ್ದು ಒಣ ಕಾಗದವನ್ನು.

ಆರೋಗ್ಯವಂತ ಬಾಲ್ ಪೈಥಾನ್‌ಗೆ ನನ್ನ ಆಯ್ಕೆ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್. ತನ್ನ ನಾಡಾದ ಪಶ್ಚಿಮ ಆಫ್ರಿಕಾದಲ್ಲಿ ಈ ಹಾವು ಹಗಲು ಕಳೆಯುವುದು ಇಲಿ ಬಿಲಗಳಲ್ಲಿ ಮತ್ತು, ಅಲ್ಲಿಯೂ, ಗೆದ್ದಲ ಹುತ್ತಗಳಲ್ಲಿ. ಕೊಕೊಪೀಟ್ ಹುತ್ತದ ಮಣ್ಣಿನಂತೆಯೇ ತೇವವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ಸೀಮೆ ನಮ್ಮ ಪಕ್ಕದಲ್ಲೇ ಇರುವುದರಿಂದ ದುಡ್ಡಿನ ಚಿಂತೆಯೂ ಇಲ್ಲ. ಆದರೆ ನರ್ಸರಿಗಳಿಗೆಂದು ಗೊಬ್ಬರ ಬೆರೆಸಿದ್ದಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ತೆಂಗಿನ ಸಿಪ್ಪೆಯಲ್ಲಿ ಲವಣಾಂಶ ಇರುವುದರಿಂದ ಇಟ್ಟಿಗೆಯಂತೆ ಒತ್ತಿ ಮಾರುವ ಕೊಕೊಪೀಟನ್ನು ನೆನೆಸಿ, ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಹಿಂಡಿ, ನೆರಳಿನಲ್ಲಿ ಹರಡಿ ಆರಿಸಿ. ಎಷ್ಟು ಆರಬೇಕು ಎಂಬುದಕ್ಕೆ ಕೈಯೇ ಅಳತೆ: ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಇಳಿಯಬಾರದು. ಪೂರ್ತಿ ಒಣಗಿದರೆ ಅದೂ ದೂಳೇ. ಐದಾರು ಸೆಂಟಿಮೀಟರ್ ದಪ್ಪ ಸಾಕು. ಪೆಟ್ಟಿಗೆಯ ಕೆಳಗೆ ಹೀಟ್ ಮ್ಯಾಟ್, ಅಂದರೆ ಬಿಸಿ ಕೊಡುವ ವಿದ್ಯುತ್ ಚಾಪೆ, ಇದ್ದರೆ ಆ ಭಾಗದಲ್ಲಿ ತೆಳುವಾಗಿ ಹರಡಿ, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯವಾಗಿ ಬಳಸಿ. ಇಲ್ಲವಾದರೆ ದಪ್ಪ ಹಾಸಿನ ಅಡಿಯಲ್ಲಿ ಶಾಖ ಕೂಡಿಕೊಂಡು, ಅಗೆದು ಕೆಳಗಿಳಿದ ಹಾವು ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಎಷ್ಟು ನೀರು ಚಿಮುಕಿಸಬೇಕು ಎಂಬುದನ್ನು ವಿದೇಶದ ವಿಡಿಯೋ ನೋಡಿ ನಿರ್ಧರಿಸಬೇಡಿ. ಬಾಲ್ ಪೈಥಾನ್‌ಗೆ ಸುಮಾರು ಶೇಕಡ 50ರಿಂದ 60, ಕಾರ್ನ್ ಸ್ನೇಕ್‌ಗೆ 40ರಿಂದ 50ರಷ್ಟು ಆರ್ದ್ರತೆ ಸಾಕು. ಕಡೂರು, ಅರಸೀಕೆರೆಯ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ಇದನ್ನು ಉಳಿಸಿಕೊಳ್ಳಲು ನೀರು ಬೇಕೇ ಬೇಕು. ಅದೇ ಸಕಲೇಶಪುರದ ಜುಲೈನಲ್ಲಿ ನೀರಿನ ಬಟ್ಟಲನ್ನೂ ಚಿಕ್ಕದು ಮಾಡಿ, ಗಾಳಿಕಿಂಡಿ ಹೆಚ್ಚಿಸಿ, ಕಾರ್ನ್ ಸ್ನೇಕ್ ಇದ್ದರೆ ಮತ್ತೆ ಕಾಗದಕ್ಕೇ ಮರಳಬೇಕಾಗಬಹುದು. ಒಂದು ಸಣ್ಣ ಆರ್ದ್ರತಾ ಮಾಪಕವನ್ನು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರೆ ಊಹೆಗೆ ಅವಕಾಶವೇ ಇರುವುದಿಲ್ಲ.

ಆಹಾರವನ್ನು ಹಾಸಿನ ಮೇಲೆ ಇಡದೆ ಇಕ್ಕಳದಲ್ಲಿ ಹಿಡಿದೋ, ಅಗಲವಾದ ತಟ್ಟೆಯ ಮೇಲಿಟ್ಟೋ ಕೊಡಿ. ಫ್ರೀಜರಿನಿಂದ ತೆಗೆದು ಮಂಜು ಕರಗಿಸಿದ ಒದ್ದೆ ಇಲಿಗೆ ನಾರು, ಮರಳು ಅಂಟಿಕೊಂಡು ಹೊಟ್ಟೆ ಸೇರುವುದು ತಪ್ಪುತ್ತದೆ. ಮಲವನ್ನು ಕಂಡ ದಿನವೇ ತೆಗೆಯಿರಿ. ಪೆಟ್ಟಿಗೆಯನ್ನು ಫಿನಾಯಿಲ್‌ನಿಂದ ಒರೆಸಬೇಡಿ, ನುಸಿ ಗುಳಿಗೆಯನ್ನು ಹತ್ತಿರವೂ ಇಡಬೇಡಿ. ಬಿಸಿನೀರು, ಸೋಪು, ಬಿಸಿಲು ಸಾಕು.

ಹಾಸು ಸರಿಯಾಗಿದೆಯೇ ಎಂಬುದನ್ನು ಹಾವೇ ಹೇಳುತ್ತದೆ. ಪೊರೆ ಕಾಲುಚೀಲ ಕಳಚಿದಂತೆ ಒಂದೇ ತುಂಡಾಗಿ ಬಂದಿದ್ದರೆ ತೇವ ಸರಿಯಿದೆ. ಚೂರುಚೂರಾಗಿ ಬಂದಿದ್ದರೆ ಗಾಳಿ ಒಣಗಿದೆ. ಬಿಟ್ಟ ಪೊರೆಯನ್ನು ಬೆಳಕಿಗೆ ಹಿಡಿದು, ಕಣ್ಣಿನ ಮೇಲಿನ ಎರಡು ದುಂಡು ಪೊರೆಗಳೂ ಅದರಲ್ಲಿವೆಯೇ ನೋಡಿ. ಇಲ್ಲದಿದ್ದರೆ ಉಗುರಿನಿಂದ ಕೀಳಲು ಹೋಗದೆ, ಹಾವನ್ನು ಬಟ್ಟೆಯ ಚೀಲದಲ್ಲಿಟ್ಟು ವೈದ್ಯರ ಬಳಿಗೆ ತನ್ನಿ. ಜೊತೆಗೆ ಒಂದು ಹಿಡಿ ಹಾಸನ್ನೂ ತನ್ನಿ.

ನಮಸ್ಕಾರ.