ತೀರ್ಥಹಳ್ಳಿ, 0 ಮಿಲಿಮೀಟರ್

ಈ ಸದ್ದು ಕೇಳಿಸುತ್ತಿದೆಯಾ? ಮೈಕ್ ಕೆಟ್ಟಿಲ್ಲ. ನಮ್ಮ ಮನೆ ಹೆಂಚಿನ ಮೇಲೆ ಬೀಳುತ್ತಿರುವ ಮಳೆ ಅದು. ಜುಲೈ ತಿಂಗಳು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ತೋಟಕ್ಕೆ ಔಷಧಿ ಹೊಡೆಯಲು ಬಂದವರು ಜಗುಲಿಯಲ್ಲಿ ಕೂತು, ಕಾಫಿ ಕುಡಿದು, ಆಕಾಶ ನೋಡಿ ವಾಪಸ್ ಹೋದರು. ಅದೇ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ತೋರಿಸುತ್ತಿತ್ತು: ತೀರ್ಥಹಳ್ಳಿ, 0 ಮಿಲಿಮೀಟರ್.

ಹಿನ್ನೆಲೆ ಹೇಳಿಬಿಡುತ್ತೇನೆ. ನಾವೊಂದಷ್ಟು ಗೆಳೆಯರು ಶಿವಮೊಗ್ಗ ಜಿಲ್ಲೆಯ ಏಳೂ ತಾಲೂಕಿನ ಮಳೆ ಲೆಕ್ಕ ಬರೆದಿಡುತ್ತೇವೆ. ಅವರವರ ಮನೆಯಂಗಳದಲ್ಲಿ ಮಳೆ ಮಾಪಕ ಇದೆ. ಬೆಳಿಗ್ಗೆ ಎದ್ದು ಅಳೆಯುವುದು, ಬರೆಯುವುದು, ಕಳಿಸುವುದು. ಸಾಗರದ ಗೆಳೆಯ ಎಲ್ಲವನ್ನೂ ತಾಲೂಕಿಗೊಂದು ಫೋಲ್ಡರ್ ಮಾಡಿ, ಫೋಲ್ಡರ್‌ಗೆ ಕನ್ನಡದಲ್ಲೇ ಹೆಸರಿಟ್ಟು, ಜಿಪ್ ಮಾಡಿ ನನಗೆ ಕಳಿಸುತ್ತಾನೆ. ನಾನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಂ ಅದನ್ನು ಓದಿ ಕೂಡುತ್ತದೆ. ಜಿಪ್ ಬಿಚ್ಚುವ ಕೆಲಸಕ್ಕೆ ಒಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಬೇರೆಯವರು ಬರೆದು ಎಲ್ಲರಿಗೂ ತೆರೆದಿಟ್ಟ ಸಿದ್ಧ ಕೋಡ್, ಬಳಸಿದ್ದೇನೆ. ಹೆಸರು ಹೇಳುವುದಿಲ್ಲ. ಅದನ್ನು ನೋಡಿಕೊಳ್ಳುವವರು ಇಬ್ಬರೇ, ಅದೂ ಸಂಬಳವಿಲ್ಲದೆ.

ಸಾಗರ, ಭದ್ರಾವತಿ, ಶಿಕಾರಿಪುರ ಸರಿಯಾಗಿ ಬಂದವು. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸೊರಬ ನಾಲ್ಕೂ ಸೊನ್ನೆ. ಗೆಳೆಯನಿಗೆ ಫೋನ್ ಮಾಡಿದರೆ, "ನಮ್ಮ ಸಾಗರದ್ದು ಸರಿ ಉಂಟಲ್ಲ ಮಾರಾಯ್ತಿ, ನಿಮ್ಮ ಪ್ರೋಗ್ರಾಮನ್ನೇ ನೋಡು" ಅಂದ.

ನೋಡಿದೆ. ಎರಡು ದಿನ ನೋಡಿದೆ. ಫೋಲ್ಡರ್ ಇದೆ, ಒಳಗೆ ಫೈಲ್ ಇದೆ, ಹೆಸರು ಪರದೆ ಮೇಲೆ ಸರಿಯಾಗೇ ಕಾಣುತ್ತಿದೆ. ಆದರೆ ಲೈಬ್ರರಿ ಕೊಟ್ಟ, ಹೆಸರಿನಿಂದ ಫೈಲ್ ಹುಡುಕುವ ಪಟ್ಟಿಯಾದ ಮ್ಯಾಪ್‌ನಲ್ಲಿ 'ತೀರ್ಥಹಳ್ಳಿ' ಎಂದು ಹುಡುಕಿದರೆ ಸಿಗುವುದು ನಲ್, ಅಂದರೆ ಏನೂ ಇಲ್ಲ. ಕೊನೆಗೆ ಸುಮ್ನೆ ಎರಡೂ ಹೆಸರಿನ ಉದ್ದ ಪ್ರಿಂಟ್ ಮಾಡಿದೆ. ನಾನು ಟೈಪ್ ಮಾಡಿದ ತೀರ್ಥಹಳ್ಳಿ 10. ಜಿಪ್‌ನಿಂದ ಬಂದ ತೀರ್ಥಹಳ್ಳಿ 11.

ಒಂದು ಅಕ್ಷರ ಎಲ್ಲಿಂದ ಬಂತು?

ಅದನ್ನು ಬಿಡಿಸಿದ್ದು ಅಮ್ಮ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಹಲಸಿನ ಹಪ್ಪಳ ಸುಟ್ಟು ತಂದಿಟ್ಟು, "ಎಂತದೇ ಅದು, ಅಷ್ಟೊತ್ತಿಂದ ಒಂದೇ ಹೆಸರು ನೋಡ್ತಿದ್ದೀಯಲ್ಲ" ಅಂದರು. ನಾನು ಎರಡೂ ಹೆಸರನ್ನು ಒಂದೊಂದೇ ಚಿಹ್ನೆಯಾಗಿ ಬಿಡಿಸಿ ಸಾಲಾಗಿ ಪ್ರಿಂಟ್ ಮಾಡಿದ್ದೆ. ಮೊದಲನೆಯದರಲ್ಲಿ ತ ಆದಮೇಲೆ ಒಂದೇ ಚಿಹ್ನೆ. ಎರಡನೆಯದರಲ್ಲಿ ತ ಆದಮೇಲೆ ಗುಡಿಸು, ಅದಾದಮೇಲೆ ಬೇರೆಯಾಗಿ ಒಂದು ದೀರ್ಘ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಓದಿದರು: "ತ ಗುಡಿಸು ತಿ, ತ ಗುಡಿಸಿನ ದೀರ್ಘ ತೀ. ಸರಿಯಾಗೇ ಉಂಟಲ್ಲ. ನಾವು ಮಕ್ಕಳಿಗೆ ಹೇಳಿಕೊಡೋದೇ ಹಿಂಗೆ."

ನನಗೆ ಅಲ್ಲಿಗೆ ಎಲ್ಲ ತಿಳಿಯಿತು. ಕಂಪ್ಯೂಟರಿನಲ್ಲಿ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ 'ತೀ' ಬರೆಯಲು ಎರಡು ದಾರಿ ಇದೆ. ಗುಡಿಸಿನ ದೀರ್ಘ ಒಂದೇ ಚಿಹ್ನೆಯಾಗಿಯೂ ಇದೆ, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಇದೆ. ಒತ್ವವೂ ಹಾಗೇ. ಶಿವಮೊಗ್ಗದ 'ಮೊ'ದಲ್ಲಿರುವ ಒತ್ವವನ್ನು ಎತ್ವ ಮತ್ತು ಕೊಂಬಿನ ಇಳಿ ಎಂದು ಬಿಡಿಸಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮ. ಆದರೆ ಎರಡು ಹೆಸರು ಒಂದೇನಾ ಎಂದು ಹೇಳುವ ಜಾವಾದ ಈಕ್ವಲ್ಸ್ ಹಾಗೆ ನೋಡುವುದಿಲ್ಲ, ಅದು ಚಿಹ್ನೆಗೆ ಚಿಹ್ನೆ ತಾಳೆ ನೋಡುತ್ತದೆ. ಸಾಗರ, ಭದ್ರಾವತಿ, ಶಿಕಾರಿಪುರದಲ್ಲಿ ಗುಡಿಸಿನ ದೀರ್ಘವೂ ಇಲ್ಲ, ಒತ್ವವೂ ಇಲ್ಲ. ಉಳಿದ ನಾಲ್ಕರಲ್ಲೂ ಒಂದಲ್ಲ ಒಂದು ಇದೆ! ಗೆಳೆಯನದ್ದು ಹಳೆಯ ಮ್ಯಾಕ್. 2017ರಲ್ಲಿ ಆಪಲ್ ಹೊಸ ಫೈಲ್ ವ್ಯವಸ್ಥೆಗೆ ಬದಲಾಯಿಸುವ ಮೊದಲಿನದು. ಆ ಹಳೆಯ ವ್ಯವಸ್ಥೆ ಫೈಲ್ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ.

ಆವತ್ತು ರಾತ್ರಿ ಲೈಬ್ರರಿಯವರಿಗೆ ಇಶ್ಯೂ, ಅಂದರೆ ದೋಷದ ವರದಿ, ಬರೆಯಲು ಕೂತೆ. ಕರೆಂಟ್ ಇರಲಿಲ್ಲ, ಮೊಬೈಲ್ ನೆಟ್‌ವರ್ಕ್ ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು. ಮೊದಲು ಇಡೀ ಕಥೆ ಬರೆದೆ, ಮಳೆ ಮಾಪಕದಿಂದ ಹಿಡಿದು. ಆಮೇಲೆ ಎಲ್ಲ ಅಳಿಸಿದೆ. ಆ ಕಡೆ ಓದುವವರು ಕನ್ನಡ ಅಕ್ಷರವನ್ನೇ ನೋಡಿರಲಿಕ್ಕಿಲ್ಲ, ಅವರ ಬಿಡುವಿನ ಹೊತ್ತನ್ನು ನಾನು ಕೇಳುತ್ತಿದ್ದೇನೆ. 2021ರ ಡಿಸೆಂಬರ್ ನೆನಪಿದೆಯಾ? ಎಷ್ಟೋ ಜಾವಾ ಪ್ರೋಗ್ರಾಂಗಳು ಬಳಸುವ ಲಾಗ್‌ಫೋರ್‌ಜೆ ಎಂಬ ಓಪನ್ ಸೋರ್ಸ್ ಲೈಬ್ರರಿಯ ಆ ದೊಡ್ಡ ಭದ್ರತಾ ಲೋಪ ಹೊರಬಿದ್ದಾಗ ಆವೃತ್ತಿ 2.15.0ದಿಂದ 2.17.1ರವರೆಗೆ ಮೂರು ವಾರದೊಳಗೆ ಫಿಕ್ಸ್ ಮೇಲೆ ಫಿಕ್ಸ್ ಕೊಟ್ಟವರು ಬಹುಪಾಲು ಸ್ವಯಂಸೇವಕರು. ಅವರಿಗೆ ಸಿಕ್ಕಿದ್ದು ಬೈಗುಳವೇ ಜಾಸ್ತಿ. ಅದನ್ನು ಓದಿ ಆಗ ನನಗೆ ತುಂಬಾ ಬೇಜಾರಾಗಿತ್ತು.

ಹಾಗಾಗಿ ಚಿಕ್ಕದಾಗಿ ಬರೆದೆ. ಒಂದೇ ಫೋಲ್ಡರ್ ಇರುವ ಒಂದು ಜಿಪ್, ಆರು ಸಾಲಿನ ಕೋಡ್, ಏನು ಬರಬೇಕಿತ್ತು, ಏನು ಬಂತು. ಕನ್ನಡ ಅಕ್ಷರವನ್ನು ನೇರವಾಗಿ ಅಂಟಿಸದೆ ಯೂನಿಕೋಡ್ ಸಂಖ್ಯೆಯಲ್ಲಿ ಕೊಟ್ಟೆ. ಇದು ಮುಖ್ಯ. ಅಂಟಿಸಿದರೆ ಓದುವವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಮಧ್ಯೆ ಯಾವುದಾದರೂ ಎಡಿಟರ್ ಎರಡನ್ನೂ ಒಂದೇ ರೂಪಕ್ಕೆ ತಂದುಬಿಟ್ಟರೆ ಬಗ್, ಅಂದರೆ ಆ ದೋಷವೇ ಮಾಯ.

ಬೆಳಿಗ್ಗೆ ಮೂರು ಉತ್ತರ ಬಂದಿದ್ದವು. ಒಬ್ಬರು ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ತಪ್ಪಿರಬೇಕು, ಜಾವಾ 18ಕ್ಕೆ ಬನ್ನಿ, ಅದರಲ್ಲಿ ಯುಟಿಎಫ್-8 ಎಂಬ ಎನ್‌ಕೋಡಿಂಗ್ ಡೀಫಾಲ್ಟ್ ಎಂದರು. ಎನ್‌ಕೋಡಿಂಗ್ ತಪ್ಪಿದ್ದರೆ ಅಕ್ಷರವೇ ಕೆಟ್ಟು ಕಾಣುತ್ತಿತ್ತಲ್ಲ, ಇಲ್ಲಿ ಎಲ್ಲ ಚೆನ್ನಾಗೇ ಇದೆ ಎಂದೆ. ಇನ್ನೊಬ್ಬರು ಹೆಸರನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ವಿಧಾನಗಳಲ್ಲಿ ಒಂದಾದ ಎನ್‌ಎಫ್‌ಕೆಸಿ ಹಾಕಿ ಮುಗಿಸಿ ಎಂದರು. ಅದು ಬೇಡ, ಅದು ವರ್ಗದ ಚಿಹ್ನೆಯಾದ ²ನ್ನು ಬರೀ 2 ಮಾಡಿಬಿಡುತ್ತದೆ, ಬೇರೆ ಬೇರೆ ಫೈಲ್ ಒಂದೇ ಆಗಿಬಿಡುತ್ತವೆ. ನಾನು ಕೇಳಿದ್ದು ಅಂಥದೇ ಇನ್ನೊಂದು ವಿಧಾನ, ಎನ್‌ಎಫ್‌ಸಿ. ಜಾವಾ 6ರಿಂದಲೂ ಇರುವ ನಾರ್ಮಲೈಸರ್ ಕ್ಲಾಸ್ ಆ ಕೆಲಸ ಮಾಡುತ್ತದೆ: ಬಿಡಿಸಿದ್ದನ್ನು ಕೂಡಿಸುತ್ತದೆ, ಬೇರೆ ಏನನ್ನೂ ಕೆಡಿಸುವುದಿಲ್ಲ.

ಮೂರನೆಯ ಉತ್ತರ ಲೈಬ್ರರಿ ನೋಡಿಕೊಳ್ಳುವವರದ್ದೇ. ಅದನ್ನು ನಾನು ಮೂರು ಸಲ ಓದಿದೆ. ನಾವು ಹೆಸರನ್ನೇ ಬದಲಾಯಿಸಿ ಕೊಟ್ಟರೆ, ಆ ಜಿಪ್ಪನ್ನು ಓದಿ ಮತ್ತೆ ಬರೆಯುವವರ ಕಥೆ ಏನು? ಅವರ ಹಳೇ ಹೆಸರು ಹೊಸ ಹೆಸರಿಗೆ ತಾಳೆಯಾಗುವುದಿಲ್ಲ, ನಿನ್ನ ಬಗ್ ಅವರ ಮನೆಗೆ ಹೋಗುತ್ತದೆ. ಇದು ಅವರ ಮಾತಿನ ಸಾರ. ನಿಜ ಹೇಳುತ್ತೇನೆ, ನನಗೆ ಇದು ಹೊಳೆದೇ ಇರಲಿಲ್ಲ. ನನ್ನ ಸೊನ್ನೆ ಹೋದರೆ ಸಾಕಾಗಿತ್ತು.

ಎಂಟು ದಿನ ಮಾತು ನಡೆಯಿತು. ಕೊನೆಗೆ ಒಪ್ಪಿದ್ದು ಇದು: ಹೆಸರು ಬಂದ ಹಾಗೇ ಇರಲಿ, ಹುಡುಕುವಾಗ ಮಾತ್ರ ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿಗೆ ತಂದು ತಾಳೆ ನೋಡೋಣ. ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ನಾನೇ ಬರೆದೆ. ಕೋಡ್ ಬದಲಾದದ್ದು ಒಂಬತ್ತು ಸಾಲು, ಟೆಸ್ಟ್ ನಲವತ್ತು ಸಾಲು. ಆ ಟೆಸ್ಟಿನಲ್ಲಿ ಈಗ ನಮ್ಮ ಏಳೂ ತಾಲೂಕಿನ ಹೆಸರಿದೆ. ಎಲ್ಲೋ ದೂರದ ದೇಶದಲ್ಲಿ ಯಾರೋ ಆ ಕೋಡ್ ಮುಟ್ಟಿದಾಗಲೆಲ್ಲ ಹೊಸನಗರ, ಸೊರಬ ಸರಿಯಾಗಿ ಸಿಗುತ್ತವೆಯಾ ಎಂದು ಒಂದು ಯಂತ್ರ ಪರೀಕ್ಷೆ ಮಾಡುತ್ತದೆ. ಅದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ನೋಡಿ, ಈಗ ಓಡಿಸುತ್ತಿದ್ದೇನೆ. ಹೊಸ ರಿಲೀಸ್ ಹಾಕಿ ಆಗಿದೆ. ಶಿವಮೊಗ್ಗ ಬಂತು. ಹೊಸನಗರ ಬಂತು. ತೀರ್ಥಹಳ್ಳಿ ನಾಲ್ಕಂಕಿ! ಈ ಸದ್ದಿಗೆ ತಕ್ಕ ಅಂಕಿ.

ಸೊರಬದ್ದು ಮಾತ್ರ ಅರ್ಧಕ್ಕೆ ನಿಂತಿದೆ. ಅಲ್ಲಿ ಅಳೆಯುವವರು ಹಿರಿಯರು, ಅಂಕಿಯನ್ನೂ ಕನ್ನಡದಲ್ಲೇ ಬರೆಯುತ್ತಾರೆ. ೪೨ ಎಂದು ಬರೆದ ದಿನದ್ದು ಪೂರ್ಣಾಂಕ ಓದುವ ಜಾವಾದ ಪಾರ್ಸ್‌ಇಂಟ್ ಓದಿದೆ, ಅದಕ್ಕೆ ಕನ್ನಡ ಅಂಕಿ ಗೊತ್ತು. ೪೨.೫ ಎಂದು ಬರೆದ ದಿನ ದಶಮಾಂಶ ಓದುವ ಪಾರ್ಸ್‌ಡಬಲ್ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆದಿದೆ, ಅದಕ್ಕೆ ಗೊತ್ತಿಲ್ಲ. ಇದು ಲೈಬ್ರರಿಯ ತಪ್ಪಲ್ಲ, ನನ್ನ ಕೋಡಿನಲ್ಲೇ ಸರಿ ಮಾಡಬೇಕು, ಒಂದೊಂದು ಅಂಕಿಯನ್ನೂ ಬದಲಾಯಿಸಿ ಕೊಟ್ಟರಾಯಿತು. ಅವರಿಗೆ ಫೋನ್ ಮಾಡಿ ಇಂಗ್ಲಿಷ್ ಅಂಕಿ ಹಾಕಿ ಅಂತ ಹೇಳುವ ಯೋಚನೆ ನನಗಿಲ್ಲ. ಅಮ್ಮ ಒಳಗಿಂದ ಊಟಕ್ಕೆ ಕರೆಯುತ್ತಿದ್ದಾರೆ. ಉಂಡು ಬಂದು ಕೂರುತ್ತೇನೆ.